ಸಲೂನಿಗೆ ಹೊಂದುವ ಲೆನ್ಸ್

"ಅದು ಬೇಡ. ಕೆಳಗಿಡಿ."

ಅವಳಿಗೆ ಮೈಯೆಲ್ಲ ಉರಿಯಿತು. ಹಳೆಯ ಕ್ಯಾಮೆರಾ ಮಾರುವ ಅಂಗಡಿಯವನೇ ಗಿರಾಕಿಯ ಕೈಯಿಂದ ಫಳಫಳ ಹೊಳೆಯುವ ರೇಂಜ್‌ಫೈಂಡರ್ ಕ್ಯಾಮೆರಾ ಕಿತ್ತುಕೊಳ್ಳುವುದೆಂದರೆ!

"ನನ್ನ ಹತ್ರ ಅಷ್ಟು ದುಡ್ಡಿಲ್ಲ ಅಂದ್ಕೊಂಡ್ರಾ?"

"ಇರಬಹುದು. ಎಲ್ಲಾ ಇದಕ್ಕೇ ಸುರಿದ್ರೆ ಲೆನ್ಸಿಗೆ ಏನ್ಮಾಡ್ತೀರಿ? ಯಾರ ಫೋಟೋ ತೆಗೀಬೇಕು, ಅದು ಹೇಳಿ."

ಹೇಳಬಾರದೆಂದುಕೊಂಡಳು... ಹೇಳಿಬಿಟ್ಟಳು. ಮಂಡಿನೋವಿನ ಅಪ್ಪ ಭಾನುವಾರ ತಮ್ಮ ಸಲೂನು ಮುಚ್ಚುತ್ತಾರೆ. ಆ ಕೊನೆಯ ದಿನ ಅಪ್ಪ ಕತ್ತರಿ ಹಿಡಿದು ಕೆಲಸ ಮಾಡುವ ಚಿತ್ರ ಅವಳಿಗೆ ಬೇಕೇ ಬೇಕು. ಕ್ಯಾಮೆರಾ ಸದ್ದಾದರೆ ಸಾಕು, ಅಪ್ಪ ಸೆಟೆದು ನಿಲ್ಲುತ್ತಾರೆ. ಅದಕ್ಕೇ ಮೆಲ್ಲಗೆ ಕೆಲಸ ಮುಗಿಸುವ ರೇಂಜ್‌ಫೈಂಡರೇ ಆಗಬೇಕು.

"ಸಲೂನು ಎಷ್ಟು ಅಗಲ?"

"ಕುರ್ಚಿ ತಿರುಗಿದ್ರೆ ಮಂಡಿ ಗೋಡೆಗೆ ತಾಗುತ್ತೆ."

ಅವನು ಮೂಲೆಯಿಂದ ಅದೇ ಜಾತಿಯ, ಬಣ್ಣ ಹೋದ ಕ್ಯಾಮೆರಾ ಬಾಡಿಯೊಂದನ್ನು ತೆಗೆದು, ಅದಕ್ಕೆ ಮೂವತ್ತೈದು ಎಂ.ಎಂ. ಲೆನ್ಸ್ ಕೂರಿಸಿದ. "ಇಕ್ಕಟ್ಟು ಜಾಗನೂ ಇದ್ರಲ್ಲಿ ಪೂರ್ತಿ ಹಿಡಿಯುತ್ತೆ, ಐವತ್ತರದಾದ್ರೆ ನೀವು ಬೀದಿಗಿಳಿದು ತೆಗೀಬೇಕು. ಬಾಡಿ ಹೇಗಿದ್ರೂ ನಡಿಯುತ್ತೆ, ಲೆನ್ಸ್ ಚೆನ್ನಾಗಿರ್ಲಿ. ಈ ಕಿಂಡೀಲಿ ನನ್ನ ನೋಡಿ. ಎರಡೆರಡು ಕಾಣ್ತೀನಾ? ಒಂದಾಗೋವರ್ಗೂ ಇದನ್ನ ತಿರುಗಿಸಿ. ಆಮೇಲೆ..."

ಅವನ ಎರಡು ಮುಖಗಳು ಒಂದಾದವು. ಅವಳು ನಕ್ಕುಬಿಟ್ಟಳು. ಅವನ ಮಾತು ಅಲ್ಲಿಗೇ ನಿಂತುಹೋಯಿತು.

ಆ ಕ್ಯಾಮೆರಾವನ್ನೇ ಕೊಂಡು ಭಾನುವಾರ ಸಲೂನಿನಲ್ಲಿ ಇಡೀ ರೀಲು ಮುಗಿಸಿದಳು. ಸೋಮವಾರ ಅವನೇ ತೊಳೆದ ಆ ರೀಲಿನಲ್ಲಿ ಒಂದು ಚಿತ್ರವೂ ಇರಲಿಲ್ಲ!

ಅವನು ರೀಲನ್ನು ನೋಡಿದ, ಅವಳ ಮುಖ ನೋಡಿದ. "ತಪ್ಪು ನಂದೇ. ಶಟರ್ ಕೆಟ್ಟಿತ್ತು, ನೋಡದೆ ಕೊಟ್ಬಿಟ್ಟೆ."

"ಅಪ್ಪನ ಆ ದಿನ ಮತ್ತೆ ಬರುತ್ತಾ? ನಿಮ್ಮನ್ನ ನಂಬಿದ್ನಲ್ಲ, ನನಗೆ ಬುದ್ಧಿ ಇಲ್ಲ."

ಕ್ಯಾಮೆರಾ ಅಲ್ಲೇ ಇಟ್ಟು, ಹಣವನ್ನೂ ಕೇಳದೆ ಹೊರಟಳು. ಮೊನ್ನೆ ಕಂಡವನ ಮೇಲೆ ಅಷ್ಟೊಂದು ನಂಬಿಕೆ ಯಾಕಾದರೂ ಬಂತೋ... ಅದೇ ಹೆಚ್ಚು ನೋಯುತ್ತಿತ್ತು.

ವಾರ ಕಳೆದು ಹಣಕ್ಕೆಂದು ಬಂದಾಗ ಅವನು ವಯಸ್ಸಾದ ಗಿರಾಕಿಯೊಬ್ಬರಿಗೆ ಹೇಳುತ್ತಿದ್ದ, "ಇದರಲ್ಲಿ ನೋಡೋ ಕಿಂಡಿನೇ ಬೇರೆ ಅಜ್ಜಿ. ಲೆನ್ಸಿನ ಮುಚ್ಚಳ ಹಾಕಿದ್ರೂ ಎಲ್ಲಾ ಚೆಂದ ಕಾಣುತ್ತೆ, ಫಿಲ್ಮಿಗೆ ಮಾತ್ರ ಏನೂ ಬೀಳಲ್ಲ."

ಮುಚ್ಚಳ! ಅವಳು ಅದನ್ನು ತೆಗೆದೇ ಇರಲಿಲ್ಲ.

ಅಜ್ಜಿ ಹೋಗುವವರೆಗೆ ಕಾದಳು. "ಶಟರ್ ಕೆಟ್ಟಿರ್ಲಿಲ್ಲ ಅಲ್ವಾ? ಯಾಕೆ ಸುಳ್ಳು ಹೇಳಿದ್ರಿ?"

"ಆ ದಿನ ನಿಮ್ಮ ಕೈಯಿಂದಲೇ ಹೋಯ್ತು ಅನ್ನೋಕೆ ನಾಲಿಗೆ ಏಳ್ಲಿಲ್ಲ. ನನ್ನನ್ನ ಬೈದ್ರಾದ್ರೂ ಹಗುರಾಗ್ತೀರಿ ಅನ್ನಿಸ್ತು. ಮುಚ್ಚಳದ ವಿಷಯ ನಾನು ಹೇಳ್ಬೇಕಿತ್ತು... ನೀವು ನಕ್ರಿ, ಮರೆತೇಹೋಯ್ತು."

ಅವಳ ಕಣ್ಣು ತುಂಬಿತು. ತನಗಾಗಿ ಇವನು ಬೈಗುಳ ನುಂಗಿಕೊಂಡು ಕೂತಿದ್ದನೇ?

ಅವನು ಕಿವಿಯ ಮೇಲೆ ಬಿದ್ದ ಕೂದಲನ್ನು ಹಿಂದಕ್ಕೆ ತಳ್ಳಿದ. "ನಿಮ್ಮಪ್ಪ ಇನ್ನೊಂದು ತಲೆ ಮುಟ್ತಾರಾ? ನನ್ನದಿದೆ."

ಅವಳ ಮನೆಯ ಹಜಾರದ ಕಿಟಕಿಯ ಪಕ್ಕ ಅವನು ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು ಕೂತ. ಅಪ್ಪ ಎತ್ತರದ ಸ್ಟೂಲಿನ ಮೇಲೆ ಕೂತು, ತುಟಿ ಕಚ್ಚಿ, ಅವನ ಕಿವಿಯ ಹಿಂದೆ ಕತ್ತರಿ ಆಡಿಸತೊಡಗಿದರು. ಥೇಟ್ ಸಲೂನಿನಲ್ಲಿದ್ದ ಅಪ್ಪನೇ! ಅವಳು ಅದೇ ಕ್ಯಾಮೆರಾದ ಮುಚ್ಚಳ ತೆಗೆದು ಕ್ಲಿಕ್ಕಿಸಿದಳು, ಮತ್ತೆ ಮತ್ತೆ ಕ್ಲಿಕ್ಕಿಸಿದಳು. ಅಪ್ಪನಿಗೆ ಗೊತ್ತೇ ಆಗಲಿಲ್ಲ.

"ಹೀಗೆ ಕಾಡು ಬೆಳೆಸಿದ್ದೀಯಲ್ಲಪ್ಪ, ಯಾರ ಹತ್ರ ಕಟಿಂಗ್ ಮಾಡಿಸ್ತೀಯ?"

"ಇನ್ಮೇಲೆ ನಿಮ್ಮ ಹತ್ರನೇ. ಈ ಮನೆಗೇ ಬರ್ತೀನಿ, ಜೀವ ಇರೋವರ್ಗೂ." ಅವನ ಕಣ್ಣು ಅವಳ ಮೇಲಿತ್ತು.

ಕತ್ತರಿ ನಿಂತಿತು. "ಇದು ನನಗೆ ಹೇಳಿದ್ದೋ, ಅವಳಿಗೋ?"

"ಇಬ್ರಿಗೂ."

ಅವಳು ಕ್ಯಾಮೆರಾ ಕೆಳಗಿಳಿಸಿದಳು. "ನಾನಂತೂ ಒಪ್ಪಿದೆ. ಅಪ್ಪನ್ನ ನೀನೇ ಒಪ್ಪಿಸ್ಕೋ."

ಅವನು ಗಾಬರಿಯಿಂದ ಅಪ್ಪನತ್ತ ತಿರುಗಿದ. ಅಪ್ಪ ಎರಡೂ ಕೈಯಿಂದ ಅವನ ತಲೆ ಹಿಡಿದು ನೇರ ಮಾಡಿದರು.

"ಅಲ್ಲಾಡ್ಬೇಡ. ಅಳಿಯನ ಕಿವಿ ಕುಯ್ದ ಅಂತ ಈ ವಯಸ್ಸಲ್ಲಿ ನನಗೆ ಕೆಟ್ಟ ಹೆಸರು ಬೇಡ."