ಜಿನುಗು ನಿಲ್ಲಿಸಿದವರು ಯಾರು?

ಕೆಟ್ಟದ್ದನ್ನು ಯಾರೋ ಸರಿಮಾಡಿ ಹೋಗುತ್ತಿದ್ದಾರೆ ಎಂದು ದೂರು ತಂದವರನ್ನು ಟೈಲರ್ ಅದುವರೆಗೆ ಕಂಡಿರಲಿಲ್ಲ. ನಿವೃತ್ತ ಇನ್ಸ್‌ಪೆಕ್ಟರಮ್ಮನ ಮನೆಯ ಕೆಳಗೇ ಅವನ ಅಂಗಡಿ. ಆಕೆ ಎಲ್ಲಿ ಪತ್ತೆಗೆ ಹೊರಟರೂ ಟೇಪು ಕೊರಳಲ್ಲಿರುವಂತೆಯೇ ಬೆನ್ನು ಹತ್ತುವುದು ಅವನ ಚಟ. ಈ ಸಲ ಮಾತ್ರ ಹಿಂಜರಿದ. ಬಂದವಳು ಬೇಕರಿ ಅಕ್ಕ. ಹಿಂದಿನ ವಾರ ಅವಳಿಗೆ ಬುದ್ಧಿ ಹೇಳಿದವನು ಅವನೇ.

ಬ್ರೆಡ್ಡು ಸಾಗಿಸಲು ಅವಳು ಕೊಂಡಿದ್ದ ಹಳೆಯ ಪಿಕಪ್‌ನಲ್ಲಿ ಸ್ಟಿಯರಿಂಗ್ ಪೈಪಿನಿಂದ ಕೆಂಪು ಎಣ್ಣೆ ಜಿನುಗುತ್ತಿತ್ತು. ಗಂಡಾಂತರವೇನಲ್ಲ, ಆಗಾಗ ಎಣ್ಣೆ ತುಂಬಿಸಿದರೆ ಸಾಕು ಎಂದು ಮೆಕ್ಯಾನಿಕ್ ಹೇಳಿದ್ದ. ಒಂದು ದಿನ ನೋಡಿದರೆ ಜಿನುಗು ಕಡಿಮೆಯಾಗಿತ್ತು, ಪೈಪಿಗೆ ಹೊಸ ಕ್ಲಿಪ್ಪು ಬಂದಿತ್ತು, ನೆಲದ ಕಲೆಯನ್ನು ಯಾರೋ ಮರದ ಹೊಟ್ಟು ಹಾಕಿ ಉಜ್ಜಿದ್ದರು. ಶೆಡ್ಡಿನ ಬೀಗ ಹಾಗೇ ಇತ್ತು. ಇವತ್ತು ಕ್ಲಿಪ್ಪು ಬಿಗಿದವನು ನಾಳೆ ಬ್ರೇಕು ಸಡಿಲಿಸಿದರೆ ಎಂದು ಅವಳು ಹೆದರಿದಳು. ಇನ್ನೊಂದು ಕೀಲಿ ಇದ್ದದ್ದು ಡ್ರೈವರ್ ಬಳಿ. ಟೈಲರ್ ಅವನತ್ತ ಬೆರಳು ತೋರಿಸಿದ್ದ. ಬೇಕರಿ ಅಕ್ಕ ಕೇಳಿದಾಗ ನಾನಲ್ಲ ಅಕ್ಕ ಎಂದಷ್ಟೇ ಹೇಳಿ, ಡ್ರೈವರ್ ಕೀಲಿ ಇಟ್ಟು ಕೆಲಸ ಬಿಟ್ಟು ಹೋಗಿದ್ದ. ಅವನು ಹೋದ ಮೇಲೂ ಯಾರೋ ಬಂದು ಪೈಪನ್ನೇ ಬದಲಿಸಿದ್ದರು.

ಇನ್ಸ್‌ಪೆಕ್ಟರಮ್ಮ ಶೆಡ್ಡನ್ನು ಸುತ್ತಿ ಬಂದರು. ಹಿಂಬಾಗಿಲಿಗೆ ಒಳಗಿನಿಂದ ಚಿಲಕ. ಟೈಲರ್ ಹೊರಗಿನಿಂದ ಭುಜ ಕೊಟ್ಟು ನೂಕಿದರೂ ಅದು ಜಪ್ಪಯ್ಯ ಎನ್ನಲಿಲ್ಲ. ಬೇಕರಿ ಅಕ್ಕ ಬಂದು ಬಾಗಿಲನ್ನು ತುಸು ಎತ್ತಿ ಮೊಣಕಾಲಿನಿಂದ ಗುದ್ದಿದಳು, ಚಿಲಕ ಜಾರಿತು; ಎಳೆದು ಮುಚ್ಚಿದಾಗ ಮತ್ತೆ ತಾನಾಗಿಯೇ ಬಿತ್ತು.

"ಚಿಕ್ಕೋರಿದ್ದಾಗ ಅಮ್ಮ ಬೈತಾಳೆ ಅಂತ ನಾವು ಹೀಗೇ ಕದ್ದು ನುಗ್ತಿದ್ವಿ."

"ನಾವು ಅಂದ್ರೆ?"

ಅವಳ ಮುಖ ಕಪ್ಪಿಟ್ಟಿತು. ಅವಳು ಮಾತು ತಿರುಗಿಸಿದಳು. ಡ್ರೈವರ್ ಯಾವತ್ತೂ ಮುಂಬಾಗಿಲಿನಿಂದಲೇ ಬರುತ್ತಿದ್ದ, ತಾನು ರಾತ್ರಿಯಿಡೀ ಒಲೆ ಮುಂದಿದ್ದು ಮಧ್ಯಾಹ್ನ ಮಲಗುತ್ತೇನೆ ಎಂದಷ್ಟೇ ಹೇಳಿದಳು.

ಮರುದಿನ ಇನ್ಸ್‌ಪೆಕ್ಟರಮ್ಮನ ಕರೆಯಂತೆ ಬೇಕರಿಯಲ್ಲಿ ಎಲ್ಲರೂ ಸೇರಿದರು. ಡ್ರೈವರ್ ಬಾಗಿಲ ಬಳಿಯೇ ನಿಂತಿದ್ದ. ಬಸ್ ಡಿಪೋದ ಸಮವಸ್ತ್ರದಲ್ಲಿ ಇನ್ನೊಬ್ಬ ಬಂದ. ಅವನನ್ನು ಕಂಡು ಬೇಕರಿ ಅಕ್ಕ ಮುಖ ತಿರುಗಿಸಿದಳು.

ಕೇಡು ಬಗೆಯುವವನು ನೆಲ ಒರೆಸುವುದಿಲ್ಲ ಎಂದು ಇನ್ಸ್‌ಪೆಕ್ಟರಮ್ಮ ಶುರುಮಾಡಿದರು. ಪೈಪು ಬದಲಾದಾಗ ಡ್ರೈವರ್ ಕೈಯಲ್ಲಿ ಕೀಲಿಯೇ ಇರಲಿಲ್ಲ. ಕೀಲಿಯಿಲ್ಲದೆ ಬರುವ ದಾರಿ ಹಿಂಬಾಗಿಲೊಂದೇ. ಅದರ ಗುಟ್ಟು ಈ ಮನೆಯಲ್ಲಿ ಬೆಳೆದವರಿಗೆ ಮಾತ್ರ ಗೊತ್ತು. ಅವಳ ಮಧ್ಯಾಹ್ನದ ನಿದ್ದೆಯೂ ಅವರಿಗೆ ಗೊತ್ತು. "ಅಕ್ಕಪಕ್ಕದವರನ್ನ ವಿಚಾರಿಸಿದೆ. ಇವಳಿಗೊಬ್ಬ ತಮ್ಮ ಇದ್ದಾನೆ, ಡಿಪೋದಲ್ಲಿ ಗಾಡಿ ರಿಪೇರಿ ಮಾಡ್ತಾನೆ ಅಂದ್ರು."

ತಮ್ಮ ತಲೆ ತಗ್ಗಿಸಿದ.

"ಅಮ್ಮನ್ನ ಆಸ್ಪತ್ರೆಗೆ ಒಯ್ಯೋವಾಗ ನನ್ನ ಗಾಡಿ ದಾರೀಲೇ ನಿಂತಿತು, ತಡವಾಗಿ ಅಮ್ಮ ಉಳೀಲಿಲ್ಲ. ರೇಡಿಯೇಟರ್ ಜಿನುಗೋದು ಗೊತ್ತಿತ್ತು. ನಾಳೆ ನೋಡಿದರಾಯ್ತು ಅಂತಿದ್ದೆ. ಈಚೆಗೆ ಬೀದೀಲಿ ನಿಂತಿದ್ದ ನಿನ್ನ ಗಾಡಿ ಕೆಳಗೂ ಕಲೆ ಕಂಡೆ ಅಕ್ಕಾ. ಮುಖ ತೋರಿಸಬೇಡ ಅಂದಿದ್ದೆಯಲ್ಲ, ಅದಕ್ಕೇ ನೀನು ಮಲಗಿದ್ದಾಗ ಬಂದೆ."

ತಾಯಿ ಹೋದ ದಿನ ಆಡಿದ ಮಾತನ್ನು ಬೇಕರಿ ಅಕ್ಕ ಈಗ ನುಂಗಲಾರಳು, ಉಗುಳಲಾರಳು. ಕೊನೆಗೆ ಒಂದು ಸ್ಟೂಲು ಎಳೆದು ತಮ್ಮನ ಮುಂದಿಟ್ಟಳು. ಆಮೇಲೆ ಡ್ರೈವರನಿಗೆ ಮತ್ತೆ ಕೆಲಸಕ್ಕೆ ಬಾ ಎಂದಳು. ಬೇರೆ ಕಡೆ ಒಪ್ಪಿಕೊಂಡಿದ್ದೇನೆ ಎಂದು ಅವನು ನಯವಾಗಿಯೇ ಹೇಳಿ ಹೊರಟ.

ಟೈಲರ್ ಬೀದಿಯವರೆಗೂ ಅವನ ಹಿಂದೆ ಓಡಿದ. ತಪ್ಪಾಯಿತು ಎಂದ.

"ನೀವು ಹೇಳಿದ್ದಕ್ಕೆ ಬೇಜಾರಿಲ್ಲ ಬಿಡಿ," ಎಂದ ಡ್ರೈವರ್. "ಬೇಕರಿ ಅಕ್ಕ ಅದನ್ನ ನಂಬಿಬಿಟ್ರಲ್ಲ."

ಅವನು ತಿರುವಿನಲ್ಲಿ ಮರೆಯಾದ ಮೇಲೂ ಟೈಲರ್ ಅಲ್ಲೇ ನಿಂತಿದ್ದ.