ಎರಡರಿಂದ ಶುರುವಾಗುವ ಟೇಪು

"ಉಸಿರು ಒಳಗೆ ಎಳ್ಕೊಳ್ಳಿ," ಎಂದ ಅಪ್ಪ.

"ಎಳ್ಕೊಂಡಾಯ್ತು. ಇನ್ನೂ ಎಳ್ಕೊಂಡ್ರೆ ಆಮೇಲೆ ಹೊರಗೆ ಬರಲ್ಲ," ಎಂದರು ಕನ್ನಡಿಯ ಮುಂದೆ ನಿಂತಿದ್ದ ವ್ಯಾನ್ ಡ್ರೈವರ್.

ಹೊಸ ಶರ್ಟಿನ ಗುಂಡಿಗಳು ಒಂದು ದಡದಲ್ಲಿದ್ದವು, ಕಾಜಗಳು ಇನ್ನೊಂದು ದಡದಲ್ಲಿದ್ದವು. ನಡುವೆ ಡ್ರೈವರ್ ಅವರ ಬನಿಯನ್ ಆರಾಮವಾಗಿ ಗಾಳಿ ತೆಗೆದುಕೊಳ್ಳುತ್ತಿತ್ತು. ಈ ವಾರ ಹೀಗೆ ಬಿಗಿಯಾಗಿ ವಾಪಸ್ ಬಂದ ನಾಲ್ಕನೆಯ ಶರ್ಟು ಇದು.

ಅಂಗಡಿಯ ಮೂಲೆಯಲ್ಲಿ ಕೂತಿದ್ದ ಗುಂಡುಸೂಜಿ ಹೋಂವರ್ಕ್ ಪುಸ್ತಕದೊಳಗೆ ಇನ್ನಷ್ಟು ತಲೆ ಹುದುಗಿಸಿದಳು. ಟೈಲರ್ ಮನೆಯ ಮಗಳು, ಇರುವುದು ಇಷ್ಟೇ ಇಷ್ಟು, ಮಾತಾಡಿದರೆ ಚುಚ್ಚುತ್ತಾಳೆ. ಹಾಗಾಗಿ ಮನೆಯವರೆಲ್ಲ ಇಟ್ಟ ಹೆಸರು ಅದು. ಇವತ್ತು ಮಾತ್ರ ಅವಳ ಮೊನೆ ಎಲ್ಲೋ ಬಿದ್ದುಹೋಗಿತ್ತು. ಈ ಡ್ರೈವರ್ ಅವಳ ಸ್ಕೂಲ್ ವ್ಯಾನಿನವರೇ. ಮಕ್ಕಳೆಲ್ಲ ಅವರನ್ನು ಹಾರ್ನ್ ಅಂಕಲ್ ಎನ್ನುತ್ತಿದ್ದರು. ವ್ಯಾನಿನ ಹಾರ್ನ್ ಕೆಟ್ಟು ಎರಡು ವರ್ಷವಾಗಿದ್ದರೂ ಅದರ ಕೊರತೆ ರಸ್ತೆಯಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ.

"ಅಳತೆ ತಗೊಂಡಿದ್ದು ಯಾರು?" ಹಾರ್ನ್ ಅಂಕಲ್ ಕೇಳಿದ್ದು ಬೀದಿಗೆಲ್ಲ ಕೇಳಿಸಿತು.

ಅಪ್ಪ ಅಳತೆ ಪುಸ್ತಕ ತೆರೆದ. 'ಎದೆ ನಲವತ್ತು' ಎಂದು ದೊಡ್ಡಪ್ಪನ ದುಂಡು ಅಕ್ಷರದಲ್ಲಿತ್ತು. ಅಪ್ಪ ತನ್ನ ಟೇಪು ತಂದು ಹಾರ್ನ್ ಅಂಕಲ್ ಎದೆಯ ಸುತ್ತ ಹಿಡಿದ. ನಲವತ್ತೊಂದು ಬಂತು.

ಅಪ್ಪ ಪಕ್ಕದಲ್ಲೇ ನಿಂತಿದ್ದ ದೊಡ್ಡಪ್ಪನ ದಪ್ಪ ಕನ್ನಡಕದ ಕಡೆ ನೋಡಿದ, ಅಷ್ಟೇ. ಹಾರ್ನ್ ಅಂಕಲ್ ಕೂಡ ಅದನ್ನೇ ನೋಡಿದರು. ವಿಚಾರಣೆ ಮುಗಿಯಿತು.

ಆ ಅಂಗಡಿಯಲ್ಲಿ ಅಳತೆ ತೆಗೆಯುವುದು ದೊಡ್ಡಪ್ಪನ ಕೆಲಸ, ಬಟ್ಟೆ ಕತ್ತರಿಸುವುದು ಅಪ್ಪನ ಕೆಲಸ. ದೊಡ್ಡಪ್ಪನ ಟೇಪು ಅವರ ಕೊರಳಲ್ಲಿ, ಅಪ್ಪನ ಟೇಪು ಕಟಿಂಗ್ ಟೇಬಲ್ ಮೇಲೆ. ಇಪ್ಪತ್ತು ವರ್ಷದಲ್ಲಿ ಅಪ್ಪನ ಕತ್ತರಿ ಒಮ್ಮೆಯೂ ತಪ್ಪಿಲ್ಲ. ಹಾಗೆಂದು ಸ್ವತಃ ಅಪ್ಪನೇ ಹೇಳುತ್ತಿದ್ದ, ಆದ್ದರಿಂದ ಪರೀಕ್ಷೆ ಮಾಡುವ ಅಗತ್ಯ ಯಾರಿಗೂ ಕಂಡಿರಲಿಲ್ಲ.

ತಪ್ಪು ಎಲ್ಲಿದೆ ಎಂದು ಗೊತ್ತಿದ್ದದ್ದು ಒಬ್ಬಳಿಗೆ ಮಾತ್ರ.

ಹೋದ ಭಾನುವಾರ ಅಂಗಡಿಗೆ ರಜೆ. ಗುಂಡುಸೂಜಿ ಕ್ರಾಫ್ಟ್ ಪ್ರಾಜೆಕ್ಟ್‌ಗಾಗಿ ಕಟಿಂಗ್ ಟೇಬಲ್ ಮೇಲೆ ಚಾರ್ಟ್ ಪೇಪರ್ ಹರಡಿದ್ದಳು. ಮುಟ್ಟಲೇಬಾರದು ಎಂದು ಅಪ್ಪ ನೂರು ಸಲ ಹೇಳಿದ್ದ ಕತ್ತರಿಯನ್ನು ನೂರಾ ಒಂದನೆಯ ಸಲ ಹೇಳುವ ಮೊದಲೇ ತೆಗೆದುಕೊಂಡಳು. ಪೇಪರಿನ ಅಡಿಯಲ್ಲಿ ಅಪ್ಪನ ಟೇಪು ಮಲಗಿತ್ತು. ಕಚಕ್ ಎಂದಿತು. ಸರಿಯಾಗಿ ಒಂದಿಂಚು, ತುದಿಯ ಹಿತ್ತಾಳೆ ಪಟ್ಟಿಯ ಸಮೇತ, ಬೇರೆಯಾಗಿ ಬಿತ್ತು.

ಅವಳು ಇಕ್ಕಳದಿಂದ ಆ ಪಟ್ಟಿಯನ್ನು ಬಿಡಿಸಿ, ಹೊಸ ತುದಿಗೆ ಒತ್ತಿ ಕೂರಿಸಿದಳು. ಅಷ್ಟು ನಾಜೂಕಾಗಿ ಅವಳು ಯಾವ ಪ್ರಾಜೆಕ್ಟನ್ನೂ ಮಾಡಿರಲಿಲ್ಲ. ಈಗ ಟೇಪಿನಲ್ಲಿ ಒಂದು ಇರಲಿಲ್ಲ, ಎರಡರಿಂದ ಶುರು. ಅಪ್ಪ ನೋಡುವುದು ಅಳತೆ ಮುಗಿಯುವ ಕಡೆಯ ನಂಬರನ್ನು. ಶುರುವಾಗುವ ಕಡೆ ಯಾವ ಟೈಲರ್ ನೋಡುತ್ತಾನೆ? ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಕತ್ತರಿಸುವುದರಿಂದ ಒಂದಿಂಚು ಕಡಿಮೆಯಾದರೆ ಶರ್ಟಿನಲ್ಲಿ ನಾಲ್ಕಿಂಚು ಹೋಗುತ್ತದೆ ಎಂಬ ಗಣಿತ ಅವಳಿಗೆ ಆಮೇಲೆ ಹೊಳೆಯಿತು.

ಹಾರ್ನ್ ಅಂಕಲ್ ನಾಳೆ ಬರುತ್ತೇನೆಂದು ಗುಡುಗಿ ಹೋದರು. ಅಪ್ಪ ಗಂಟಲು ಸರಿಮಾಡಿಕೊಂಡ.

"ಅಣ್ಣಾ, ನೀನು ಸ್ವಲ್ಪ ರೆಸ್ಟ್ ತಗೋ. ಇನ್ಮೇಲೆ ಅಳತೆ ನಾನೇ ನೋಡ್ಕೋತೀನಿ."

ರೆಸ್ಟ್ ಎನ್ನುವುದು ಬಹಳ ಒಳ್ಳೆಯ ಪದ. ಯಾರನ್ನಾದರೂ ಕೆಲಸದಿಂದ ಬಿಡಿಸಬೇಕಾದಾಗ ದೊಡ್ಡವರು ಅದನ್ನು ಬಳಸುತ್ತಾರೆ.

"ಆಯ್ತಪ್ಪ," ಎಂದರು ದೊಡ್ಡಪ್ಪ. "ಕಣ್ಣು ಮೊದಲಿನ ಹಾಗಿಲ್ಲ. ನಂಗೂ ಅನ್ನಿಸ್ತಾ ಇತ್ತು."

ಅವರು ಬಂದು ಗುಂಡುಸೂಜಿಯ ಪಕ್ಕ ಕೂತರು. "ಏನಮ್ಮ ಹೋಂವರ್ಕು?"

"ಮಿಸ್ ಚೀಟಿ ಎತ್ತಿಸಿ ಎಲ್ಲರಿಗೂ ಒಂದೊಂದು ನುಡಿಗಟ್ಟು ಕೊಟ್ಟಿದ್ದಾರೆ. ಅದರ ಅರ್ಥ ಏನು, ಎಲ್ಲಿಂದ ಬಂತು ಅಂತ ಬರೀಬೇಕು. ನಂಗೆ 'ಗೂಬೆ ಕೂರಿಸು' ಬಂದಿದೆ."

ಪಕ್ಕದ ಬೆಂಚಿನವನಿಗೆ 'ಬಾಯಲ್ಲಿ ನೀರೂರು' ಬಂದಿತ್ತು. ಮೂವತ್ತೆಂಟು ಚೀಟಿಗಳಲ್ಲಿ ಈ ಒಂದು ಅವಳನ್ನೇ ಹುಡುಕಿಕೊಂಡು ಬಂದಿತ್ತು.

"ಸುಲಭ," ಎಂದರು ದೊಡ್ಡಪ್ಪ. "ನಮ್ಮ ತಪ್ಪನ್ನ ಇನ್ನೊಬ್ಬರ ತಲೆಗೆ ಕಟ್ಟೋದು. ಹಿಂದೆ ಗೂಬೆ ಬಂದು ಮನೆ ಮೇಲೆ ಕೂತ್ರೆ ಆ ಮನೆಗೆ ಕೇಡು ಅಂತ ನಂಬ್ತಿದ್ರಂತೆ. ಅದರಿಂದಲೇ ಈ ಮಾತು ಬಂದಿರಬೇಕು. ನಮ್ಮನೆ ಮೇಲಿಂದ ಓಡಿಸಿದ್ರೆ ಪಕ್ಕದ ಮನೆ ಮೇಲೆ ಹೋಗಿ ಕೂರುತ್ತಲ್ಲ."

"ಗೂಬೆ ಏನು ಮಾಡಿತ್ತು?"

"ಏನೂ ಇಲ್ಲ. ಪಾಪ, ಇಲಿ ಹುಡುಕ್ಕೊಂಡು ಬಂದಿರುತ್ತೆ."

"ಪಕ್ಕದ ಮನೆಯವರು ಅದನ್ನ ಓಡಿಸಲ್ವಾ?"

"ಕೆಲವರು ಓಡಿಸ್ತಾರೆ. ಕೆಲವರು, ವಯಸ್ಸಾದೋರು, ಇರಲಿ ಬಿಡು ಅಂತ ಸುಮ್ಮನಿದ್ದುಬಿಡ್ತಾರೆ."

ಗುಂಡುಸೂಜಿ ಪೆನ್ಸಿಲ್ ಕಚ್ಚಿದಳು. ತಾನು ಯಾರ ಮೇಲೂ ಏನನ್ನೂ ಕೂರಿಸಿಲ್ಲ, ಸುಮ್ಮನಿದ್ದೆ ಅಷ್ಟೇ, ಅದು ತಾನಾಗಿಯೇ ಹಾರಿಹೋಗಿ ಕೂತಿತು ಎಂದು ಮನಸ್ಸಿನಲ್ಲೇ ವಾದ ಹೂಡಿದಳು. ವಾದವೇನೋ ಭರ್ಜರಿಯಾಗಿತ್ತು. ಜೋರಾಗಿ ಹೇಳಲು ಮಾತ್ರ ಬರುವಂತಿರಲಿಲ್ಲ.

ದೊಡ್ಡಪ್ಪ ಕೊರಳಿನ ಟೇಪು ತೆಗೆದು ನಿಧಾನವಾಗಿ ಸುತ್ತಿದರು. "ತಗೋ, ನಿನ್ನ ಕ್ರಾಫ್ಟ್‌ಗೆ ಆಗುತ್ತೆ. ನಂಗಿನ್ನು ಯಾಕೆ."

ಊಟ ಮಾಡುವಾಗಲೂ ಅವರ ಕೊರಳಲ್ಲಿ ಟೇಪು ಇರುತ್ತಿತ್ತು. ಅದಿಲ್ಲದ ಕೊರಳನ್ನು ಗುಂಡುಸೂಜಿ ನೋಡಿಯೇ ಇರಲಿಲ್ಲ. ಕಾಲರಿನ ಮೇಲೆ ಟೇಪು ಉಜ್ಜಿ ಉಜ್ಜಿ ಬಟ್ಟೆ ಸವೆದಿತ್ತು. ಅವಳಿಗೆ ಅಳು ಬಂತು. ಅಳುವುದಕ್ಕೂ ನಾಚಿಕೆಯಾಯಿತು.

ಆ ಕಡೆ ಅಪ್ಪ ಐದನೆಯ ಶರ್ಟಿನ ಬಟ್ಟೆ ಮಡಚಿ, ಚಾಕ್‌ನಿಂದ ಗೆರೆ ಎಳೆದು, ಕತ್ತರಿ ಎತ್ತಿದ್ದ.

"ಅಪ್ಪ, ಕಟ್ ಮಾಡ್ಬೇಡ."

ಅವಳು ದೊಡ್ಡಪ್ಪನ ಟೇಪನ್ನು ಅಪ್ಪನ ಟೇಪಿನ ಪಕ್ಕ ಇಟ್ಟು ಎರಡರ ತುದಿಗಳನ್ನೂ ಸಮ ಮಾಡಿದಳು. ಒಂದರಲ್ಲಿ ಮೊದಲು ಬರುವುದು ಒಂದು. ಇನ್ನೊಂದರಲ್ಲಿ ಎರಡು.

ಅಪ್ಪ ಬಗ್ಗಿ ನೋಡಿದ. ಮತ್ತೆ ನೋಡಿದ. "ಯಾರು ಇದು..."

"ನಾನು. ಭಾನುವಾರ. ನಿನ್ನ ಕತ್ತರೀಲಿ."

"ಮೊದಲೇ ಬೊಗಳೋಕೆ ಏನಾಗಿತ್ತು?"

"ಬೈತೀಯ ಅಂತ."

"ಈಗ ಬಯ್ಯಲ್ಲ ಅಂದ್ಕೊಂಡ್ಯಾ?"

"ಬೈತೀಯ," ಎಂದಳು ಗುಂಡುಸೂಜಿ.

ಅವಳ ನಿರೀಕ್ಷೆಯನ್ನು ಅಪ್ಪ ಸುಳ್ಳು ಮಾಡಲಿಲ್ಲ. ವಾಪಸ್ ಬಂದ ನಾಲ್ಕೂ ಶರ್ಟುಗಳ ಹೊಲಿಗೆಯನ್ನು ಅವಳೇ ಬಿಚ್ಚಬೇಕು, ನಾಳೆ ಹಾರ್ನ್ ಅಂಕಲ್‌ಗೂ ಅವಳೇ ಹೇಳಬೇಕು ಎಂದು ತೀರ್ಪಾಯಿತು. ಆಮೇಲೆ ಅಪ್ಪ ದೊಡ್ಡಪ್ಪನ ಮುಂದೆ ಹೋಗಿ ನಿಂತ. ತಪ್ಪಾಯ್ತು ಎನ್ನುವ ಮಾತು ಅಪ್ಪನಿಗೆ ಆ ಶರ್ಟಿಗಿಂತಲೂ ಬಿಗಿ.

"ಅಣ್ಣಾ, ಟೀ ಮಾಡ್ಲಾ?" ಎಂದ. ಅಪ್ಪ ಟೀ ಮಾಡಿದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ.

"ಸಕ್ಕರೆ ನೋಡಿ ಹಾಕು," ಎಂದರು ದೊಡ್ಡಪ್ಪ.

ಮರುದಿನ ಸಂಜೆ ಐದೂ ಹತ್ತಕ್ಕೆ ಹಾರ್ನ್ ಅಂಕಲ್ ಬಂದರು. "ಗೊತ್ತಾಯ್ತಾ ಯಾರ ತಪ್ಪು ಅಂತ?"

ಗುಂಡುಸೂಜಿ ಮುಂದೆ ಬಂದು ನಿಂತಳು. "ನಂದು ಅಂಕಲ್," ಎಂದು ಎಲ್ಲವನ್ನೂ ಹೇಳಿದಳು.

ಅವರು ಕೂಗಿದರು. ಚೆನ್ನಾಗಿಯೇ ಕೂಗಿದರು. ಎದುರಿನ ಅಂಗಡಿಯವರು ಹೊರಗೆ ಬಂದು ನೋಡಿ, ಯಾವ ವ್ಯಾನೂ ಬಂದಿಲ್ಲವೆಂದು ಒಳಗೆ ಹೋದರು. ಅವಳು ನಿಂತಲ್ಲೇ ನಿಂತು ಕೇಳಿಸಿಕೊಂಡಳು. ಕೊನೆಗೆ ಅವರಿಗೇ ದಣಿವಾಯಿತು. "ಸೋಮವಾರ ನನ್ನ ವ್ಯಾನಿಗೇ ಬರ್ಬೇಕಲ್ಲ, ನೋಡ್ಕೋತೀನಿ," ಎಂದರು. ಮೀಸೆಯಡಿ ನಗುತ್ತಿದ್ದರೋ ಇಲ್ಲವೋ ತಿಳಿಯಲಿಲ್ಲ.

"ಕೈ ಎತ್ತಿ," ಎನ್ನುತ್ತ ದೊಡ್ಡಪ್ಪ ಮತ್ತೆ ಕೊರಳಿಗೇರಿದ್ದ ಟೇಪು ಎಳೆದರು. "ನಲವತ್ತು."

"ನಿನ್ನೆ ನಲವತ್ತೊಂದಿತ್ತಲ್ರೀ?"

"ಒಂದು ಇವಳ ಹತ್ರ ಇತ್ತು."

ಅಪ್ಪ ತಲೆ ಎತ್ತದೆ ನಲವತ್ತು ಎಂದು ಬರೆದುಕೊಂಡ.

ಗುಂಡುಸೂಜಿ ಗೋಡೆಯ ಗಡಿಯಾರ ನೋಡಿದಳು. ಐದೂ ಹದಿಮೂರು. ಭಾನುವಾರದಿಂದ ಅವಳು ಹೆದರಿ, ಊಟ ಸೇರದೆ, ನಿದ್ದೆಯಲ್ಲೂ ಬೆಚ್ಚುತ್ತಿದ್ದದ್ದು ಈ ಮೂರು ನಿಮಿಷಕ್ಕೆ. ಗಡಿಯಾರ ನಿಂತಿರಬೇಕು ಎಂದುಕೊಂಡು ಇನ್ನೊಮ್ಮೆ ನೋಡಿದಳು. ನಡೆಯುತ್ತಿತ್ತು.

ಅವಳು ಸ್ಟೂಲ್ ಎಳೆದುಕೊಂಡು ಕೂತು, ಮೊದಲ ಶರ್ಟಿನ ಹೊಲಿಗೆ ಬಿಚ್ಚತೊಡಗಿದಳು. ಹೊಟ್ಟೆ ಹಸಿಯುತ್ತಿದೆ ಎಂದು ಆಗ ಗೊತ್ತಾಯಿತು.