ಅಮ್ಮನ ನಂಬರಿನಿಂದ

2013ರ ನವೆಂಬರ್ 13, ಬುಧವಾರ. ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಡೊಂಬಿವಲಿ ಪಕ್ಕದ ಠಾಕುರ್ಲಿ ಪೂರ್ವದ ನಿವಾಸಿ ಯತಿನ್ ಸಾಲ್ಯಾನ್, ವಯಸ್ಸು ಮೂವತ್ತನಾಲ್ಕು, ಹೆಂಡತಿ ರಮಿತಾಳೊಂದಿಗೆ ಠಾಣೆಗೆ ಬಂದು ಕಳವಿನ ದೂರು ಕೊಟ್ಟ. ಹೆಡ್ ಕಾನ್‌ಸ್ಟೆಬಲ್ ಪ್ರಭಾ ಜಾಧವ್ ಕಳವಾದ ವಸ್ತುಗಳ ಪಟ್ಟಿ ಬರೆದುಕೊಂಡಳು. ಒಂದು ಕನ್ನಡಕ, ಒಂದು ಶಾಲು, ಒಂದು ಬಾಚಣಿಗೆ, ಒಂದು ಸ್ಟೀಲ್ ಲೋಟ. ಬರೆದದ್ದನ್ನು ಇನ್ನೊಮ್ಮೆ ಓದಿ, ಪೆನ್ನು ಕೆಳಗಿಟ್ಟು, ಸಾಹೇಬರನ್ನು ಕರೆಯಲು ಒಳಗೆ ಹೋದಳು.

ಇನ್‌ಸ್ಪೆಕ್ಟರ್ ಯಜ್ಞೇಶ್ವರ ಬಂಗೇರ ಹುಟ್ಟಿದ್ದು ಡೊಂಬಿವಲಿಯಲ್ಲಿ. ಅಪ್ಪ ಉಡುಪಿ ಹೋಟೆಲಿನ ಮ್ಯಾನೇಜರ್. ಠಾಣೆಯಲ್ಲಿ ಕನ್ನಡ, ತುಳು ಎರಡೂ ಬಲ್ಲವರು ಇವರೊಬ್ಬರೇ ಆದ್ದರಿಂದ ಊರ ಕಡೆಯವರ ಗಂಡ-ಹೆಂಡಿರ ಜಗಳದಿಂದ ಹಿಡಿದು ಪಾಸ್‌ಪೋರ್ಟ್ ವಿಚಾರಣೆಯವರೆಗೆ ಎಲ್ಲವೂ ಇವರ ತಲೆಗೇ ಬರುತ್ತಿತ್ತು. ಇದೂ ಅಂಥದ್ದೇ ಏನೋ ಎಂದುಕೊಂಡು ಅವರು ಕುರ್ಚಿ ಎಳೆದು ಕೂತರು.

“ಚಿನ್ನ?”

“ಅದೇ ಕಪಾಟಿನಲ್ಲಿ ಉಂಟು ಸರ್. ಮುಟ್ಟಲಿಲ್ಲ,” ಎಂದ ಯತಿನ್.

“ಬೀಗ?”

“ಏನೂ ಆಗ್ಲಿಲ್ಲ.”

“ಈ ವಸ್ತುಗಳೆಲ್ಲ ಯಾರದ್ದು?”

“ಅಮ್ಮಂದು. ಜಯಲತಾ ಅಂತ. ಜುಲೈಯಲ್ಲಿ ತೀರಿಕೊಂಡ್ರು.”

ರಮಿತಾ ಏಳು ತಿಂಗಳ ಬಸುರಿ. ಅಲ್ಲಿಯವರೆಗೆ ನೆಲ ನೋಡುತ್ತಾ ಕೂತಿದ್ದವಳು ತಲೆಯೆತ್ತಿದಳು. “ಫೋನ್ ದಿಖಾವೋ ನಾ ಇವರಿಗೆ,” ಎಂದಳು ಗಂಡನಿಗೆ.

ಯತಿನ್ ಮೊಬೈಲನ್ನು ಮೇಜಿನ ಮೇಲಿಟ್ಟ. ಪರದೆಯ ಮೇಲೆ ನಾಲ್ಕು ಮೆಸೇಜುಗಳಿದ್ದವು. ಅಕ್ಟೋಬರ್ 15, 22, 29, ನವೆಂಬರ್ 12. ನಾಲ್ಕೂ ಮಧ್ಯಾಹ್ನದ ಹೊತ್ತಿಗೆ ಬಂದವು, ನಾಲ್ಕರಲ್ಲೂ ಒಂದೇ ಮಾತು: ಸಿಸ್ಟಮ್ ಆಫ್. ಕಳಿಸಿದವರ ಹೆಸರಿನ ಜಾಗದಲ್ಲಿ ‘ಅಮ್ಮ’ ಎಂದಿತ್ತು.

ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಬಂಗೇರರು ಬಗೆಬಗೆಯ ಕಳ್ಳರನ್ನು ಕಂಡಿದ್ದರು. ಸತ್ತವರ ಮೆಸೇಜು ಕಂಡದ್ದು ಇದೇ ಮೊದಲು. ಬೆನ್ನಿನಲ್ಲಿ ಸಣ್ಣಗೆ ಚಳಿ ಹುಟ್ಟಿದ್ದನ್ನು ಅವರು ಕೇಸ್ ಡೈರಿಯಲ್ಲಿ ಬರೆಯಲಿಲ್ಲ.

ಯತಿನ್ ವಿವರಿಸಿದ. ಪಕ್ಕದ ವಿಂಗಿನಲ್ಲಿ ಹಗಲು ಹೊತ್ತೇ ಕಳ್ಳತನವಾದ ಮೇಲೆ ಅವನು ಮನೆಗೆ ಅಲಾರಂ ಹಾಕಿಸಿದ. ಗೋಡೆಗೆ ಒಂದು ಪೆಟ್ಟಿಗೆ, ಬಾಗಿಲಿಗೆ ಸೆನ್ಸರು. ಪೆಟ್ಟಿಗೆಯೊಳಗೆ ಒಂದು ಸಿಮ್ ಬೇಕು. ಏನಾದರೂ ಆದರೆ ಅದರಿಂದಲೇ ಮೆಸೇಜು ಬರುತ್ತದೆ. ಹೊಸ ಸಿಮ್ಮಿನ ಬದಲು ಅಮ್ಮನ ಫೋನಿನ ಸಿಮ್ಮನ್ನೇ ತೆಗೆದುಕೊಟ್ಟಿದ್ದ.

“ಯಾಕೆ?”

“ಸುಮ್ಮನೆ ಇಟ್ರೆ ಕಂಪೆನಿಯವರು ನಂಬರು ಕಟ್ ಮಾಡ್ತಾರಲ್ಲ. ಅಮ್ಮನ ನಂಬರು ಬೇರೆ ಯಾರಿಗೋ ಹೋಗುದು ಬೇಡ ಅಂತ.”

“ಕೋಡ್ ಯಾರಿಗೆ ಗೊತ್ತು?”

“ನಮಗಿಬ್ಬರಿಗೆ ಮಾತ್ರ.”

“ಮತ್ತೆ ಆಫ್ ಮಾಡುದು ಯಾರು?” ಎಂದಳು ರಮಿತಾ. “ಅವರು ಇದ್ದಾಗ ನಾನು ಸರಿಯಾಗಿ ನೋಡ್ಕೊಳ್ಲಿಲ್ಲ ಸರ್. ನನಗೆ ಗೊತ್ತು. ಈಗ ಅವರ ಒಂದೊಂದೇ ಸಾಮಾನು ಹೋಗ್ತಾ ಉಂಟು. ನಾನು ಈ ಮನೆಗೆ ಮಗು ತರುದಿಲ್ಲ. ಇವರಿಗೂ ಹೇಳಿದ್ದೇನೆ.”

ಆ ಮಾತು ಮನೆಯಲ್ಲಿ ಆಗಲೇ ಹಲವು ಸಲ ಆಗಿಹೋಗಿದೆ ಎಂದು ಯತಿನ್‌ನ ಮುಖವೇ ಹೇಳುತ್ತಿತ್ತು. ಐಪಿಸಿ 454 ಮತ್ತು 380ರ ಅಡಿಯಲ್ಲಿ ಎಫ್‌ಐಆರ್ ದಾಖಲಾಯಿತು.

ಅದೇ ದಿನ ಮೂರು ಗಂಟೆಗೆ ಇಬ್ಬರು ಪಂಚರ ಎದುರಿನಲ್ಲಿ ಸ್ಥಳ ಪಂಚನಾಮೆ. ನಾಲ್ಕನೇ ಮಹಡಿಯ ಎರಡು ಕೋಣೆಯ ಫ್ಲಾಟು. ಬೀಗದ ಮೇಲೆ ಗೀರಿಲ್ಲ, ಕಿಟಕಿಯ ಸರಳು ಭದ್ರ. ಹಾಲಿನಲ್ಲಿ ಜಯಲತಾ ಅವರ ಫೋಟೋ, ಅದಕ್ಕೆ ಗಂಧದ ಹಾರ, ಎದುರು ಗೋಡೆಯಲ್ಲಿ ಬಿಳಿ ಪೆಟ್ಟಿಗೆ. ಅದರ ಮೇಲೆ ಸಣ್ಣ ಹಸಿರು ದೀಪವೊಂದು ಮಿನುಗುತ್ತಿತ್ತು. ಪ್ರಭಾ ಕೆಲಸ ಮುಗಿಸುವವರೆಗೂ ಆ ಪೆಟ್ಟಿಗೆಗೆ ಬೆನ್ನು ಕೊಟ್ಟು ನಿಲ್ಲಲಿಲ್ಲ. ನಾಲ್ಕು ತಾರೀಕುಗಳೂ ಮಂಗಳವಾರ ಎಂಬುದನ್ನು ಬಂಗೇರರು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಸಿಕೊಂಡರು. ನಡುವೆ ನವೆಂಬರ್ 5 ಮಾತ್ರ ಬಿಟ್ಟುಹೋಗಿತ್ತು. ಅಂದು ದೀಪಾವಳಿಯ ರಜೆ, ಗಂಡ ಹೆಂಡತಿ ಮನೆಯಲ್ಲೇ ಇದ್ದರು.

ಗುರುವಾರ ಬೆಳಿಗ್ಗೆ ಹತ್ತೂವರೆಗೆ ಬಂಗೇರ, ಪ್ರಭಾ ಇಬ್ಬರೂ ವಾಶಿಗೆ ಹೋದರು. ಅಲಾರಂ ಹಾಕಿದ ಅಂಗಡಿಯವನು ಸಮಿತ್, ಇಲ್ಲೇ ಹುಟ್ಟಿ ಬೆಳೆದ ಹುಡುಗ, ಕನ್ನಡ ಅರ್ಥವಾಗುತ್ತದೆ, ಉತ್ತರ ಅರ್ಧ ಹಿಂದಿಯಲ್ಲಿ. ಪೊಲೀಸರನ್ನು ಕಂಡರೂ ವ್ಯಾಪಾರಿಯ ಬಾಯಿ ಸುಮ್ಮನಿರದೆ ಮೂರು ಪೆಟ್ಟಿಗೆ ತಂದು ಮುಂದಿಟ್ಟ.

“ಸರ್, ಇದು ಲ್ಯಾಂಡ್‌ಲೈನಿನದ್ದು. ಕಳ್ಳ ಮೆಟ್ಟಿಲ ಹತ್ರ ವಯರ್ ಕತ್ತರಿಸಿದ್ರೆ ಖತಮ್. ಇದರದ್ದು ಕಂಟ್ರೋಲ್ ರೂಮಿಗೆ ಹೋಗ್ತದೆ, ಅಲ್ಲಿ ಆದ್ಮಿ ಕೂತಿರ್ತಾನೆ, ಆದ್ರೆ ತಿಂಗಳ ತಿಂಗಳ ಫೀಸು. ಯತಿನ್ ಭಾಯ್ ತಗೊಂಡದ್ದು ಈ ಮೂರನೇದು. ಖುದ್ ಕಾ ಸಿಮ್. ಯಾರ ಹಂಗೂ ಇಲ್ಲ.”

“ಅಂದ್ರೆ ನೋಡ್ಲಿಕ್ಕೆ ಯಾರೂ ಇಲ್ಲ.”

“ಐಸಾ ಭೀ ಬೋಲ್ ಸಕತೇ,” ಎಂದು ಅವನು ಒಪ್ಪಿಕೊಂಡ.

“ಕೋಡ್ ಇಲ್ಲದೆ ಇದನ್ನು ಆಫ್ ಮಾಡ್ಲಿಕ್ಕೆ ಆಗ್ತದಾ?”

“ಮಾಲಿಕನ ನಂಬರಿನಿಂದ ಮಿಸ್ಡ್ ಕಾಲ್ ಕೊಟ್ರೆ ಆಗ್ತದೆ ಸರ್. ಸಿಮ್ಮಿನಲ್ಲಿ ಸೇವ್ ಮಾಡಿದ ಲಿಸ್ಟಿನ ಒಂದನೇ ಜಾಗದಲ್ಲಿ ಯಾವ ನಂಬರು ಉಂಟೋ, ಅದು ಮಾಲಿಕನದ್ದು ಅಂತ ಮಷೀನಿನ ಲೆಕ್ಕ. ಮನೆ ಮುಚ್ಚಿ ಹೊರಟ ಕೂಡಲೇ ಅದಕ್ಕೆ ಫೋನ್ ಮಾಡ್ತದೆ. ಎತ್ತಿದ್ರೆ ಮೈಕ್ ಓಪನ್, ಮನೆಯ ಒಳಗಿನ ಆವಾಜು ಎರಡು ನಿಮಿಷ ಕೇಳ್ತದೆ. ಉಳಿದ ನಂಬರಿಗೆ ಬರೀ ಮೆಸೇಜು.”

“ಒಂದನೇ ಜಾಗದಲ್ಲಿ ಯಾರ ನಂಬರು ಹಾಕಿದೆ?”

ಸಮಿತ್ ತಲೆ ಕೆರೆದುಕೊಂಡ. “ಯತಿನ್ ಭಾಯ್ ನಂಬರು ಸಿಮ್ಮಿನಲ್ಲಿ ಮೊದಲೇ ಇತ್ತು. ಟೆಸ್ಟ್ ಮಾಡಿದಾಗ ಅವರ ಫೋನಿಗೆ ಮೆಸೇಜು ಬಂತು. ಬಸ್, ಆಯ್ತು ಅಂದ್ಕೊಂಡೆ. ಎಲ್ರೂ ಹೊಸ ಸಿಮ್ ಕೊಡ್ತಾರೆ ಸರ್. ಹಳೇದು ಯಾರು ಕೊಡ್ತಾರೆ?”

ಮಗನ ನಂಬರು ಸಿಮ್ಮಿನಲ್ಲಿತ್ತು, ಆದರೆ ಎರಡನೆಯ ಜಾಗದಲ್ಲಿ.

ಶನಿವಾರ ಸಂಜೆ ಐದಕ್ಕೆ ಮೊಬೈಲ್ ಕಂಪೆನಿಯಿಂದ ಕರೆಗಳ ಪಟ್ಟಿ ಬಂತು. ಸತ್ತವಳ ನಂಬರಿನಿಂದ ಗಂಡ ಹೆಂಡತಿ ಕೆಲಸಕ್ಕೆ ಹೊರಟ ದಿನವೆಲ್ಲ ಬೆಳಿಗ್ಗೆ ಎಂಟೂ ನಲವತ್ತರ ಸುಮಾರಿಗೆ ಒಂದೇ ನಂಬರಿಗೆ ಕರೆ ಹೋಗಿತ್ತು. ಒಂದು ದಿನವೂ ಆ ಕಡೆಯವರು ಎತ್ತದೆ ಬಿಟ್ಟಿರಲಿಲ್ಲ. ಪ್ರತಿಯೊಂದು ಕರೆಯೂ ಪೂರ್ತಿ ಎರಡು ನಿಮಿಷ. ಆ ನಾಲ್ಕು ಮಂಗಳವಾರಗಳಂದು ಮಾತ್ರ ಹನ್ನೆರಡರ ಆಚೀಚೆ ಅದೇ ನಂಬರಿನಿಂದ ತಿರುಗಿ ಒಂದು ಮಿಸ್ಡ್ ಕಾಲ್.

“ಸಾಹೇಬ್, ರಿಕಾಮ್ಯಾ ಘರಾತ್ ಹಾ ರೋಜ್ ಕಾಯ್ ಐಕತೋ?” ಎಂದು ಪ್ರಭಾ ಕೇಳಿದಳು. ಖಾಲಿ ಮನೆಯಲ್ಲಿ ದಿನಾ ಕೇಳಿಸಿಕೊಳ್ಳಲು ಏನಿದೆ ಎಂಬುದು ಬಂಗೇರರಿಗೂ ಹೊಳೆಯಲಿಲ್ಲ.

ಕರೆ ಎತ್ತುತ್ತಿದ್ದ ಫೋನಿನ ಟವರು ಕಾಮೋಠೆಯದು. ಸಿಮ್ ಯಾವನೋ ಅಂಗಡಿಯವನ ಹೆಸರಿನಲ್ಲಿತ್ತು, ಅವನು ಅಂಗಡಿ ಮುಚ್ಚಿ ವರ್ಷವಾಗಿತ್ತು. ಭಾನುವಾರ ಯತಿನ್, ರಮಿತಾ ಇಬ್ಬರನ್ನೂ ಕರೆಸಿ ನಂಬರು ತೋರಿಸಿದರು. ಯತಿನ್‌ಗೆ ಗುರುತು ಹತ್ತಲಿಲ್ಲ. ರಮಿತಾ ತನ್ನ ಫೋನಿನಲ್ಲಿ ಹುಡುಕಿದಳು. ಹುಡುಕಿದವಳು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟಳು.

“ಸಾಬವ್ವಂದು.”

“ಯಾರು ಸಾಬವ್ವ?”

“ಅತ್ತೇನ ನೋಡ್ಕೊಳ್ಳಿಕ್ಕೆ ಇದ್ದವಳು. ವಿಜಾಪುರದ ಕಡೆಯವಳು. ಎರಡು ವರ್ಷ ಇದ್ಳು. ಮೇ ತಿಂಗಳಲ್ಲಿ ಅತ್ತೆ ಬಾತ್‌ರೂಮಲ್ಲಿ ಬಿದ್ರು. ಆಗ ಅವಳು ಮನೆಯಲ್ಲೇ ಇರ್ಲಿಲ್ಲ. ನಾನು ಆ ದಿನವೇ ಫೋನ್ ಮಾಡಿ, ಇನ್ನು ಬರಬೇಡ ಅಂದೆ.”

“ಕೀಲಿಕೈ ವಾಪಸು ತಗೊಂಡ್ರಾ?”

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟು ವಿಚಾರಿಸಿ ಅಲಾರಂ ಹಾಕಿಸಿದವರಿಗೆ ಬೀಗ ಬದಲಿಸಬೇಕೆಂದು ಹೊಳೆದಿರಲಿಲ್ಲ.

“ಅಮ್ಮ ತೀರಿಕೊಂಡದ್ದನ್ನು ಅವಳಿಗೆ ಹೇಳಿದ್ರಾ?”

“ಇಲ್ಲ,” ಎಂದಳು ರಮಿತಾ. “ಎರಡು ಸಲ ಫೋನ್ ಮಾಡಿ ಕೇಳಿದ್ಳು. ಊರಿಗೆ ಕಳಿಸಿದ್ದೇವೆ ಅಂದೆ. ಸಿಟ್ಟಿತ್ತು ನನಗೆ.”

ಕಾಮೋಠೆಯಲ್ಲಿ ಮನೆಮನೆ ಹುಡುಕಿದರೆ ಸುದ್ದಿ ಹಬ್ಬಿ ಅವಳು ಊರಿಗೆ ಹೊರಟುಬಿಟ್ಟಾಳು. ಮಂಗಳವಾರಕ್ಕೆ ಕಾಯುವುದೇ ಸರಿ ಎಂದು ಬಂಗೇರರು ತೀರ್ಮಾನಿಸಿದರು.

ನವೆಂಬರ್ 19, ಮಂಗಳವಾರ. ಎಂಟೂ ಹತ್ತಕ್ಕೆ ಬಂಗೇರ ಮತ್ತು ಪ್ರಭಾ ಇಬ್ಬರು ಪಂಚರೊಂದಿಗೆ ಒಳಗಿನ ಕೋಣೆಯಲ್ಲಿ ಕೂತರು. ಅಲ್ಲಿಗೆ ಸೆನ್ಸರು ಹಾಕಿಸಿರಲಿಲ್ಲ. ಎಂಟೂ ನಲವತ್ತಕ್ಕೆ ಯತಿನ್ ದಿನದಂತೆ ಕೋಡ್ ಒತ್ತಿ, ಬಾಗಿಲಿಗೆ ಬೀಗ ಹಾಕಿ ಹೆಂಡತಿಯೊಂದಿಗೆ ಇಳಿದು ಹೋದ. ಮೆಟ್ಟಿಲ ಮೇಲೆ ಅವರ ಹೆಜ್ಜೆಯ ಸದ್ದು ನಿಂತಿತು.

ಒಂದು ನಿಮಿಷದ ಮೇಲೆ ಗೋಡೆಯ ಪೆಟ್ಟಿಗೆಯಲ್ಲಿ ಟಿಕ್ ಎಂದಿತು. ಹಸಿರು ದೀಪ ಬೇಗ ಬೇಗ ಮಿನುಗಿ ಆಮೇಲೆ ನಿಶ್ಚಲವಾಯಿತು. ಆ ಕಡೆಯವರು ಫೋನ್ ಎತ್ತಿದ್ದರು. ಬಾಗಿಲ ಸಂದಿಯಿಂದ ನೋಡುತ್ತಿದ್ದ ಬಂಗೇರರು ಉಸಿರು ಬಿಗಿಹಿಡಿದರು. ಗಡಿಯಾರದ ಸದ್ದು ಕೇಳಿಸಿತು, ಅಡುಗೆಮನೆಯ ನಲ್ಲಿಯಿಂದ ಬಕೆಟ್ಟಿಗೆ ಬೀಳುವ ಹನಿಯ ಸದ್ದು, ದೂರದಲ್ಲಿ ಲೋಕಲ್ ಗಾಡಿ. ಇದೆಲ್ಲವನ್ನೂ ಇನ್ನೊಬ್ಬರು ಎಲ್ಲೋ ಕಿವಿಗೊಟ್ಟು ಕೇಳುತ್ತಿದ್ದಾರೆ. ಆ ಎರಡು ನಿಮಿಷ ತಾವೇ ಸತ್ತವರ ಸಾಲಿಗೆ ಸೇರಿದ ಹಾಗೆ ಬಂಗೇರರಿಗೆ ಅನಿಸಿತು. ಪ್ರಭಾ ಕಣ್ಣು ಮುಚ್ಚಿಕೊಂಡು ತುಟಿ ಅಲ್ಲಾಡಿಸುತ್ತಿದ್ದಳು.

ಹನ್ನೊಂದೂ ಐವತ್ತೆರಡು. ಯಾರೂ ಮುಟ್ಟದ ಪೆಟ್ಟಿಗೆ ಮತ್ತೆ ಟಿಕ್ ಎಂದಿತು, ಹಸಿರು ದೀಪ ಆರಿತು. ಸ್ವಲ್ಪ ಹೊತ್ತಿಗೆ ಬೀಗದಲ್ಲಿ ಕೀಲಿಕೈ ತಿರುಗಿತು. ಐವತ್ತರ ಆಚೆಯ ಹೆಂಗಸು, ಇಳಕಲ್ ಸೀರೆ, ಕೈಯಲ್ಲಿ ಚಪ್ಪಲಿ. ಬಾಗಿಲು ಮುಚ್ಚಿ, ಚಪ್ಪಲಿಯನ್ನು ಮೂಲೆಯಲ್ಲಿ ಜೋಡಿಸಿಟ್ಟು, ಫೋಟೋದ ಮುಂದೆ ಬಂದು ನಿಂತಳು.

“ಬಂದೇನ್ರಿ ಅಮ್ಮಾ,” ಎಂದಳು. “ಇವತ್ತೇನ ಬೇಕ್ರಿ?”

ಉತ್ತರಕ್ಕೆ ಕಾಯುವವಳಂತೆ ಅಷ್ಟು ಹೊತ್ತು ನಿಂತಳು. ಆಮೇಲೆ ಕಪಾಟು ತೆರೆದು, ಚಿನ್ನದ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, ಹಿಂದಿನಿಂದ ಒಂದು ಜೊತೆ ಉಣ್ಣೆಯ ಕಾಲುಚೀಲ ತೆಗೆದಳು. ಬಂಗೇರರು ಹೊರಗೆ ಬಂದಾಗ ಅವಳು ಬೆಚ್ಚಲಿಲ್ಲ, ಓಡಲೂ ಇಲ್ಲ. ಪಂಚನಾಮೆಯಲ್ಲಿ ಕಾಲುಚೀಲ, ಕೀಲಿಕೈ, ಮೊಬೈಲು ಜಪ್ತಿಯಾದವು. ಮಧ್ಯಾಹ್ನ ಹನ್ನೆರಡೂ ನಲವತ್ತಕ್ಕೆ ಬಂಧನ.

ಠಾಣೆಯಲ್ಲಿ ಹೇಳಿಕೆ ಬರೆದುಕೊಳ್ಳುವಾಗ ಯತಿನ್ ಮತ್ತು ರಮಿತಾ ಎದುರಿನ ಬೆಂಚಿನ ಮೇಲಿದ್ದರು.

“ಮೊದಲು ಫೋನ್ ಬಂದದ್ದು ಯಾವಾಗ?”

“ದಸರಾಕ್ಕಿಂತ ಮೊದಲ್ರಿ. ಅಮ್ಮ ಅಂತ ಹೆಸರ ಬಂತು. ಎತ್ತಿದೆ. ಮಾತಿಲ್ಲ.”

“ಮಾತಿಲ್ಲದ ಫೋನು ಅಂತ ಇಟ್ಟುಬಿಡಬಹುದಿತ್ತಲ್ಲ?”

“ಅಮ್ಮಗ ಮಾತ ಎಲ್ಲಿತ್ರಿ? ಲಕ್ವಾ ಹೊಡದ ಮ್ಯಾಲೆ ಬಾಯಿ ಬಿದ್ದಿತ್ತು. ಫೋನಿನ್ಯಾಗ ಒಂದನೇ ಬಟನ್ ಒತ್ತೂದು ನಾನ ಕಲಿಸಿದ್ದೆ. ಒತ್ತಿ ಸುಮ್ಮನಿರ್ತಿದ್ರು. ನಾ ಪ್ಯಾಟ್ಯಾಗಿದ್ರ ಗಡಿಯಾರದ ಸಪ್ಪಳ ಕೇಳಿ ಓಡಿ ಬರತಿದ್ದೆ. ಈಗೂ ಅದ ಸಪ್ಪಳ ಕೇಳಿ, ಊರಿಂದ ತಿರುಗಿ ಬಂದಾರ ಅಂದ್ಕೊಂಡೆ.”

“ಒಳಗೆ ಹೋಗುವ ಮೊದಲು ಮಿಸ್ಡ್ ಕಾಲ್ ಯಾಕೆ?”

“ಒಮ್ಮೆಲೆ ಬಾಗಲ ತಗದ್ರ ಅಮ್ಮ ಅಂಜತಿದ್ರು. ಬರಾಕತ್ತೀನಿ ಅಂತ ತಿಳೀಲಿ ಅಂತ ಕೆಳಗ ನಿಂತು ಒಂದ ರಿಂಗ್ ಕೊಡತಿದ್ದೆ. ಮೊದಲಿನಿಂದ ಅದ ರೂಢಿ.”

ಬೆಂಚಿನ ಮೇಲೆ ಯತಿನ್ ಮುಖ ಮುಚ್ಚಿಕೊಂಡ.

“ಅಮ್ಮ ತೀರಿಕೊಂಡದ್ದು ಯಾವಾಗ ಗೊತ್ತಾಯ್ತು?”

“ಮೊದಲ ಸಲ ಬಾಗಲ ತಗದಾಗ್ರಿ. ಫೋಟೋಕ್ಕ ಹಾರ ಇತ್ತು. ಅಲ್ಲೇ ಕುಂತು ಅತ್ತೆ. ಮರುದಿನ ಮುಂಜಾನೆ ಮತ್ತ ಫೋನ್ ಬಂತು.” ಸಾಬವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು. “ಸತ್ತ ಮ್ಯಾಲೂ ಕರೀತಾರಂದ್ರ ಏನೋ ಬೇಕಾಗೇತಿ. ಏನಂತ ಹೇಳಾಕ ಬಾಯಿಲ್ಲ. ಕಣ್ಣ ಕಾಣವಲ್ದೇನೋ ಅಂತ ಚಷ್ಮಾ ಕೊಟ್ಟೆ. ಥಂಡಿ ಏನೋ ಅಂತ ಶಾಲ ಕೊಟ್ಟೆ. ಕೊಟ್ಟರೂ ಫೋನ್ ನಿಲ್ಲವಲ್ದು. ಈಗಿನ ಕೆಲಸದಾಗ ಮಂಗಳವಾರ ಒಂದ ನನಗ ಸುಟ್ಟಿ, ಇಲ್ಲಾಂದ್ರ ದಿನಾ ಬರತಿದ್ದೆ.”

“ಕೊಟ್ಟೆ ಅಂದ್ರೆ, ಯಾರಿಗೆ?”

“ಖಾಡಿಗ್ರಿ, ಸಮುದ್ರದ ಹಿನ್ನೀರಿಗೆ. ಕಳವಾ ಸ್ಟೇಶನ್ನಿನ ಪೂಲಿನ ಮ್ಯಾಲೆ ಗಾಡಿ ಬಂದಾಗ ಬಾಗಲದಾಗ ನಿಂತು ನೀರಿಗೆ ಬಿಡತಿದ್ದೆ. ಎಲ್ಲಾರೂ ದೇವರ ಹೂವು ಬಿಡತಾರಲ್ರಿ, ಹಂಗ.”

ಬಂಗೇರರು ಬರೆಯುತ್ತಾ ಹೋದರು. ಕಳವಾದ ಮಾಲು ಪತ್ತೆಯಿಲ್ಲ. ಉದ್ದೇಶ ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು.

“ಇಷ್ಟು ದಿನ, ಒಂದು ಫೋನನ್ನೂ ಬಿಡದೆ ಎತ್ತಿದ್ದೀರಿ. ಹೆದರಿಕೆ ಆಗ್ಲಿಲ್ವಾ?”

“ಎತ್ತದ ಇದ್ದದ್ದ ದೊಡ್ಡ ಅಂಜಿಕಿ ರೀ,” ಎಂದಳು ಸಾಬವ್ವ. “ಮೇ ತಿಂಗಳದಾಗ ಅಂಗಾರಕ ಸಂಕಷ್ಟಿ ಇತ್ತು. ಅಮ್ಮಗ ಮಾತ ಬರಲಿ ಅಂತ ಹರಕಿ ಹೊತ್ತಿದ್ದೆ. ಅವರು ಮಲಗಿದ್ದು ನೋಡಿ, ಯಾರಿಗೂ ಹೇಳದ ಟಿಟ್ವಾಳಾ ಗಣಪತಿಗೆ ಹೋದೆ. ಸಾಲಿನ್ಯಾಗ ನಿಂತಾಗ ಅಮ್ಮನ ಫೋನ್ ಬಂತು. ಇನ್ನ ಹತ್ತ ಮಂದಿ ಅದಾರ, ದರ್ಶನ ಆಗಿಬಿಡಲಿ ಅಂತ ಎತ್ತಲಿಲ್ಲ.”

ರಮಿತಾ ಭಾರದ ಹೊಟ್ಟೆ ಹಿಡಿದುಕೊಂಡು ಎದ್ದು ಬಂದು ಸಾಬವ್ವನ ಪಕ್ಕದ ಸ್ಟೂಲಿನಲ್ಲಿ ಕೂತಳು. ತನ್ನನ್ನು ಮನೆಯಿಂದ ಓಡಿಸಲು ಸತ್ತ ಅತ್ತೆ ಬಂದಿರಲಿಲ್ಲ ಎಂದು ಅವಳಿಗೆ ಈಗ ತಿಳಿದಿತ್ತು. ಅದರಿಂದ ಸಿಗಬೇಕಾಗಿದ್ದ ಸಮಾಧಾನ ಸಿಗಲಿಲ್ಲ. “ಹೇಳ್ಬೇಕಿತ್ತು ನಾನು,” ಎಂದಳು. “ತೀರಿಕೊಂಡ ದಿನವೇ ನಿಂಗೆ ಹೇಳ್ಬೇಕಿತ್ತು.”

ಬಂಗೇರರಿಗೆ ಒಂದು ಕ್ಷಣ ಸುಮ್ಮನಿದ್ದುಬಿಡೋಣ ಅನಿಸಿತು. ಆದರೆ ಕೋರ್ಟಿನಲ್ಲಿ ಹೇಗೂ ಹೊರಬರುವ ಸಂಗತಿ. ಅವರು ನಿಧಾನವಾಗಿ, ಮೊದಲಿನಿಂದ ವಿವರಿಸಿದರು. ಗೋಡೆಯ ಪೆಟ್ಟಿಗೆ, ಅದರೊಳಗಿನ ಅಮ್ಮನ ಸಿಮ್ಮು, ಮೊದಲನೇ ಜಾಗದಲ್ಲಿದ್ದ ಸಾಬವ್ವನ ನಂಬರು. ದಿನಾ ಬೆಳಿಗ್ಗೆ ಫೋನ್ ಮಾಡುತ್ತಿದ್ದದ್ದು ಒಂದು ಮಷೀನು.

ಸಾಬವ್ವ ತಲೆದೂಗುತ್ತಾ ಕೇಳಿದಳು.

“ಹಂಗಾರ ಸತ್ತ ಮ್ಯಾಲೆ ಒಂದ ದಿನಾನೂ ಅಮ್ಮ ಕರದಿಲ್ಲೇನ್ರಿ ಸಾಹೇಬ್ರ?”

“ಇಲ್ಲ.”

“ನಾ ಎತ್ತಿದ್ದೆಲ್ಲಾ ಮಷೀನಿಂದು.”

“ಹೌದು.”

“ಎತ್ತದ ಬಿಟ್ಟದ್ದೊಂದ ಅಮ್ಮಂದು,” ಎಂದಳು ಸಾಬವ್ವ.

ಪ್ರಭಾಳಿಗೆ ಕನ್ನಡ ಬಾರದು. ಹೇಳಿಕೆಯ ಹಾಳೆಯನ್ನೂ ಶಾಯಿಯ ಪ್ಯಾಡನ್ನೂ ಸಾಬವ್ವನ ಮುಂದೆ ಸರಿಸಿ, ಹೆಬ್ಬೆಟ್ಟು ಎಲ್ಲಿ ಒತ್ತಬೇಕೆಂದು ಬೆರಳಿನಿಂದ ತೋರಿಸಿದಳು.